ಆಲ್ಫ್ರೆಡ್ ವರ್ನರ್ (1866–1919): ಲೋಹ ಪರಮಾಣುಗಳ ಬಂಧದ ರಹಸ್ಯವನ್ನು ತಿಳಿಸಿದ ರಸಾಯನ ವಿಜ್ಞಾನಿ

ಸಂಕ್ಷಿಪ್ತ ವಿವರ

ಜನನ: 12ನೇ ಡಿಸೆಂಬರ್ 1866, ಮುಲ್ಹೌಸ್, ಅಲ್ಸೇಸ್ ಪ್ರಾಂತ
ನಿಧನ: 15ನೇ ನವೆಂಬರ್ 1919, ಜ್ಯೂರಿಚ್, ಸ್ವಿಟ್ಜರ್ಲೆಂಡ್
ಕ್ಷೇತ್ರ: ನಿರವಯವ ರಸಾಯನ ವಿಜ್ಞಾನ
ಹುದ್ದೆ: ಪ್ರಾಧ್ಯಾಪಕರು, ಜ್ಯೂರಿಚ್ ವಿಶ್ವವಿದ್ಯಾಲಯ
ಪ್ರಶಸ್ತಿ: ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ, 1913

ಪೀಠಿಕೆ

ಲೋಹದ ಪರಮಾಣುವೊಂದು ತನ್ನ ಸುತ್ತಲಿನ ಎಷ್ಟು ಪರಮಾಣುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಮತ್ತು ಅವುಗಳನ್ನು ಯಾವ ಯಾವ ದಿಕ್ಕುಗಳಲ್ಲಿ ನಿಲ್ಲಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಮೊಟ್ಟಮೊದಲು ಸಮರ್ಪಕವಾದ ಉತ್ತರ ನೀಡಿದವರು ಆಲ್ಫ್ರೆಡ್ ವರ್ನರ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ, ಎಲೆಯ ಹಸುರಿನಲ್ಲಿರುವ ಮೆಗ್ನೀಸಿಯಂ ಹಾಗೂ ಬಿ12 ಜೀವಸತ್ವದಲ್ಲಿರುವ ಕೋಬಾಲ್ಟ್ ಇವೆಲ್ಲವುಗಳ ರಚನೆಯನ್ನು ಅರಿಯಲು ಇವರು ರೂಪಿಸಿದ ಸಿದ್ಧಾಂತವೇ ಆಧಾರವಾಗಿದೆ. ಅನುವಂಶೀಯತೆಯ ವಾಹಕವಾದ ಡಿಎನ್‌ಎ ಅಣುವಿನಲ್ಲಿ ಪರಸ್ಪರ ಹೊಂದಿಕೆಯಾಗದ ಎರಡು ಪ್ರತ್ಯಾಮ್ಲಗಳು ಎದುರುಬದುರಾದಾಗ, ಅವುಗಳ ನಡುವೆ ಪಾದರಸದ ಅಥವಾ ಬೆಳ್ಳಿಯ ಒಂದು ಅಯಾನು ಸೇರಿಕೊಂಡು ಆ ಜೋಡಿಯನ್ನು ಸ್ಥಿರಗೊಳಿಸುತ್ತದೆ ಎಂಬ ಸಂಗತಿಯೂ ಇದೇ ಸಿದ್ಧಾಂತದ ಬೆಳಕಿನಲ್ಲಿ ಅರ್ಥವಾಗುವಂತಹುದು.

ಡಿಎನ್‌ಎ ರಚನೆಯು ಬೆಳಕಿಗೆ ಬಂದದ್ದು 1953ರಲ್ಲಿ, ಅಂದರೆ ವರ್ನರ್‌ರವರು ನಿಧನರಾದ 34 ವರ್ಷಗಳ ನಂತರ. ಅವರು ತಮ್ಮ ಸಿದ್ಧಾಂತವನ್ನು ಮಂಡಿಸಿದ 1893ರಲ್ಲಿ ಎಲೆಕ್ಟ್ರಾನ್ ಕಣವೂ ಪತ್ತೆಯಾಗಿರಲಿಲ್ಲ. ಪ್ರಯೋಗಾಲಯದ ಗಾಜಿನ ಸಲಕರಣೆಗಳು, ಬಣ್ಣಬಣ್ಣದ ಲವಣಗಳು ಹಾಗೂ ಅಚಲವಾದ ತರ್ಕ ಇವಿಷ್ಟನ್ನೇ ಬಂಡವಾಳವಾಗಿರಿಸಿಕೊಂಡು ಅವರು ಸಾಧಿಸಿದ ಕಾರ್ಯದ ಪರಿಚಯವನ್ನು ಇಲ್ಲಿ ಮಾಡಿಕೊಡಲಾಗಿದೆ.

ಜನನ ಮತ್ತು ಬಾಲ್ಯ

ವರ್ನರ್‌ರವರು ಹುಟ್ಟಿದ ಮುಲ್ಹೌಸ್ ಹತ್ತಿ ಬಟ್ಟೆ ಮತ್ತು ಬಣ್ಣದ ಅಚ್ಚಿನ ಕಾರ್ಖಾನೆಗಳಿಗೆ ಹೆಸರಾದ ಊರು. ಆಗ ಅದು ಫ್ರಾನ್ಸ್ ದೇಶಕ್ಕೆ ಸೇರಿತ್ತು. ತಂದೆ ಕಾರ್ಖಾನೆಯ ಕೆಲಸದಲ್ಲಿದ್ದವರು. ನಾಲ್ವರು ಮಕ್ಕಳ ಪೈಕಿ ಆಲ್ಫ್ರೆಡ್ ಕೊನೆಯವರು. ಇವರಿಗೆ ಇನ್ನೂ ಐದು ವರ್ಷ ತುಂಬುವ ಮೊದಲೇ, 1871ರಲ್ಲಿ, ಯುದ್ಧದಲ್ಲಿ ಸೋತ ಫ್ರಾನ್ಸ್ ಅಲ್ಸೇಸ್ ಪ್ರಾಂತವನ್ನು ಜರ್ಮನಿಗೆ ಬಿಟ್ಟುಕೊಡಬೇಕಾಯಿತು. ಮನೆಯಲ್ಲಿ ಫ್ರೆಂಚ್ ಭಾಷೆ, ಶಾಲೆಯಲ್ಲಿ ಹಾಗೂ ಕಚೇರಿಗಳಲ್ಲಿ ಜರ್ಮನ್ ಭಾಷೆ ಎಂಬ ಪರಿಸ್ಥಿತಿಯಲ್ಲಿ ಬಾಲಕ ಬೆಳೆದನು. ಕುಟುಂಬದವರ ಒಲವು ಫ್ರಾನ್ಸ್ ಕಡೆಗೇ ಇದ್ದರೂ, ಮುಂದೆ ವರ್ನರ್‌ರವರು ತಮ್ಮ ಬಹುಪಾಲು ಲೇಖನಗಳನ್ನು ಬರೆದದ್ದು ಜರ್ಮನ್ ಭಾಷೆಯಲ್ಲಿ, ನೆಲೆಸಿದ್ದು ಸ್ವಿಟ್ಜರ್ಲೆಂಡಿನಲ್ಲಿ.

ಬಾಲ್ಯದಿಂದಲೇ ರಸಾಯನ ವಿಜ್ಞಾನದ ಬಗ್ಗೆ ಆಸಕ್ತಿ ಹೊಂದಿದ್ದ ಇವರು ಮನೆಯಲ್ಲಿಯೇ ಪ್ರಯೋಗಗಳನ್ನು ನಡೆಸುತ್ತಿದ್ದರು. 18ನೇ ವಯಸ್ಸಿನ ವೇಳೆಗೆ ಸ್ವತಂತ್ರವಾಗಿ ಸಂಶೋಧನೆಯೊಂದನ್ನು ಕೈಗೊಂಡು, ಅದರ ಬರವಣಿಗೆಯನ್ನು ಊರಿನ ರಸಾಯನ ಶಾಲೆಯ ನಿರ್ದೇಶಕರ ಮುಂದಿಟ್ಟಿದ್ದರು.

ವಿದ್ಯಾಭ್ಯಾಸ

1885ರಲ್ಲಿ ಕಡ್ಡಾಯ ಸೇನಾ ಸೇವೆಗಾಗಿ ವರ್ನರ್‌ರವರು ಜರ್ಮನಿಯ ಕಾರ್ಲ್ಸ್‌ರುಹೆ ನಗರಕ್ಕೆ ತೆರಳಿದರು. ಸೇವೆಯ ಅವಧಿಯಲ್ಲಿಯೇ ಅಲ್ಲಿನ ತಾಂತ್ರಿಕ ಶಿಕ್ಷಣ ಸಂಸ್ಥೆಯಲ್ಲಿ ರಸಾಯನ ವಿಜ್ಞಾನದ ಉಪನ್ಯಾಸಗಳನ್ನು ಕೇಳಿದರು. ತರುವಾಯ 1886ರಲ್ಲಿ ಜ್ಯೂರಿಚ್‌ನ ಪಾಲಿಟೆಕ್ನಿಕ್ ಸಂಸ್ಥೆಯನ್ನು ಸೇರಿ, 1889ರಲ್ಲಿ ತಾಂತ್ರಿಕ ರಸಾಯನ ವಿಜ್ಞಾನದಲ್ಲಿ ಡಿಪ್ಲೊಮಾ ಪಡೆದರು. ಗಣಿತದಲ್ಲಿ, ಅದರಲ್ಲೂ ರೇಖಾಚಿತ್ರಗಳನ್ನು ಬಿಡಿಸುವ ಜ್ಯಾಮಿತಿಯಲ್ಲಿ ಇವರು ಹೇಳಿಕೊಳ್ಳುವಂತಹ ವಿದ್ಯಾರ್ಥಿಯಾಗಿರಲಿಲ್ಲ. ಮುಂದೆ ಅಣುಗಳ ಜ್ಯಾಮಿತಿಯನ್ನೇ ಜಗತ್ತಿಗೆ ಕಲಿಸಿದವರು ಇವರೇ ಎಂಬುದು ಗಮನಾರ್ಹ.

1890ರಲ್ಲಿ ಆರ್ಥರ್ ಹಾನ್ಟ್ಷ್ ಅವರ ಮಾರ್ಗದರ್ಶನದಲ್ಲಿ ಸಾರಜನಕವನ್ನು ಒಳಗೊಂಡ ಅಣುಗಳಲ್ಲಿ ಪರಮಾಣುಗಳು ಯಾವ ರೀತಿ ಜೋಡಣೆಗೊಂಡಿವೆ ಎಂಬ ವಿಷಯದ ಮೇಲೆ ಪ್ರಬಂಧ ಸಲ್ಲಿಸಿ ಡಾಕ್ಟರೇಟ್ ಪದವಿ ಗಳಿಸಿದರು. ಇಂಗಾಲದ ಪರಮಾಣುವಿನ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳ ಕಡೆಗೆ ಚಾಚಿಕೊಂಡಿರುತ್ತವೆ ಎಂದು ವಾಂಟ್ ಹಾಫ್ ಹಾಗೂ ಲೆ ಬೆಲ್ ಎಂಬ ವಿಜ್ಞಾನಿಗಳು 1874ರಲ್ಲಿ ತೋರಿಸಿಕೊಟ್ಟಿದ್ದರು. ಅದೇ ವಿಚಾರವನ್ನು ಹಾನ್ಟ್ಷ್ ಮತ್ತು ವರ್ನರ್ ಸಾರಜನಕಕ್ಕೂ ವಿಸ್ತರಿಸಿದರು. ಅಣುವೆಂಬುದು ಕಾಗದದ ಮೇಲಿನ ಬರಹವಲ್ಲ, ಉದ್ದ ಅಗಲ ಎತ್ತರಗಳುಳ್ಳ ವಸ್ತು ಎಂಬ ಈ ಅರಿವು ವರ್ನರ್‌ರವರ ಮುಂದಿನ ಎಲ್ಲ ಕಾರ್ಯಗಳಿಗೂ ಬುನಾದಿಯಾಯಿತು. ಆ ಬಳಿಕ 1891–92ರ ಚಳಿಗಾಲದಲ್ಲಿ ಪ್ಯಾರಿಸ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಬರ್ತಲೊ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಜ್ಯೂರಿಚ್‌ಗೆ ಮರಳಿದರು.

ಅಂದಿನ ಸಮಸ್ಯೆ

ಹತ್ತೊಂಬತ್ತನೆಯ ಶತಮಾನದ ರಸಾಯನ ವಿಜ್ಞಾನಿಗಳನ್ನು ಕಾಡುತ್ತಿದ್ದ ಸಮಸ್ಯೆಯನ್ನು ತಿಳಿಯದೆ ವರ್ನರ್‌ರವರ ಸಾಧನೆಯ ಮಹತ್ವವನ್ನು ತಿಳಿಯಲಾಗದು. ಪ್ರತಿಯೊಂದು ಧಾತುವಿಗೂ ಇತರ ಧಾತುಗಳೊಡನೆ ಸೇರುವ ನಿಗದಿತ ಸಾಮರ್ಥ್ಯವಿದೆ. ಅದನ್ನು ವೇಲೆನ್ಸಿ ಎನ್ನುತ್ತಾರೆ. ಕೋಬಾಲ್ಟ್ ಲೋಹದ ವೇಲೆನ್ಸಿ ಮೂರು ಎಂದಾದಲ್ಲಿ ಅದು ಮೂರು ಕ್ಲೋರಿನ್ ಪರಮಾಣುಗಳೊಡನೆ ಸೇರಿದ ಕೂಡಲೇ ಅದರ ಲೆಕ್ಕ ಚುಕ್ತಾ ಆಗಬೇಕು. ಆದರೆ ಹಾಗೆ ಚುಕ್ತಾ ಆದ ಕೋಬಾಲ್ಟ್ ಕ್ಲೋರೈಡ್ ಮತ್ತೆ ನಾಲ್ಕು, ಐದು ಅಥವಾ ಆರು ಅಮೋನಿಯ ಅಣುಗಳನ್ನು ತನ್ನಲ್ಲಿ ಸೇರಿಸಿಕೊಂಡು ಹಳದಿ, ನೇರಳೆಗೆಂಪು, ಹಸುರು ಮುಂತಾದ ಬಣ್ಣಗಳ ಸುಂದರ ಲವಣಗಳಾಗುತ್ತಿತ್ತು. ಅಮೋನಿಯವೂ ಸ್ವತಃ ಪೂರ್ಣವಾದ ಅಣುವೇ. ಎರಡು ಕಡೆಯೂ ಬಾಕಿ ಇಲ್ಲದಿರುವಾಗ ಈ ಹೊಸ ಸಂಬಂಧ ಎಲ್ಲಿಂದ ಬಂದಿತು ಎಂಬುದೇ ಪ್ರಶ್ನೆ.

ಈ ಲವಣಗಳಲ್ಲಿ ಮತ್ತೊಂದು ವಿಚಿತ್ರವಿತ್ತು. ಅವುಗಳ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹಾಕಿದರೆ ಕ್ಲೋರಿನ್ ಬಿಳಿಯ ಗಸಿಯಾಗಿ ತಳಕ್ಕಿಳಿಯುತ್ತದೆ. ಆರು ಅಮೋನಿಯಗಳಿರುವ ಲವಣದಲ್ಲಿ ಮೂರೂ ಕ್ಲೋರಿನ್‌ಗಳು ಕೂಡಲೇ ಹೊರಬರುತ್ತಿದ್ದವು. ಐದು ಅಮೋನಿಯಗಳಿರುವುದರಲ್ಲಿ ಎರಡು, ನಾಲ್ಕು ಇರುವುದರಲ್ಲಿ ಒಂದು ಮಾತ್ರ ಹೊರಬರುತ್ತಿತ್ತು. ಉಳಿದ ಕ್ಲೋರಿನ್‌ಗಳು ಕೋಬಾಲ್ಟನ್ನು ಬಿಟ್ಟು ಕದಲುತ್ತಿರಲಿಲ್ಲ.

ಈ ವಿಷಯದಲ್ಲಿ ಆಗ ಅಗ್ರಗಣ್ಯರೆನಿಸಿದ್ದವರು ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದ ಸೋಫಸ್ ಮ್ಯಾಡ್ಸ್ ಯೋರ್ಗನ್ಸನ್. ಅತ್ಯಂತ ನಿಷ್ಠೆಯ ಪ್ರಯೋಗಕಾರರಾಗಿದ್ದ ಅವರು ಇಂತಹ ಲವಣಗಳನ್ನು ಬಹುಸಂಖ್ಯೆಯಲ್ಲಿ ತಯಾರಿಸಿ, ಶುದ್ಧೀಕರಿಸಿ, ವಿವರಗಳನ್ನು ದಾಖಲಿಸಿದ್ದರು. ಅಮೋನಿಯ ಅಣುಗಳು ಒಂದಕ್ಕೊಂದು ಕೊಂಡಿಯಾಗಿ ಸರಪಳಿಯಂತೆ ಲೋಹಕ್ಕೆ ಜೋಡಣೆಗೊಂಡಿರುತ್ತವೆ ಎಂಬುದು ಅವರ ನಿಲುವು. ಸರಪಳಿಯ ತುದಿಯಲ್ಲಿರುವ ಕ್ಲೋರಿನ್ ಸುಲಭವಾಗಿ ಬಿಡುಗಡೆಯಾಗುತ್ತದೆ, ಲೋಹಕ್ಕೆ ನೇರವಾಗಿ ಅಂಟಿರುವುದು ಬಿಡುಗಡೆಯಾಗುವುದಿಲ್ಲ ಎಂದು ಅವರು ವಿವರಿಸುತ್ತಿದ್ದರು. ಸಾವಯವ ರಸಾಯನ ವಿಜ್ಞಾನದಲ್ಲಿ ಇಂಗಾಲದ ಸರಪಳಿಗಳು ಸರ್ವಮಾನ್ಯವಾಗಿದ್ದುದರಿಂದ ಈ ವಿವರಣೆಯನ್ನು ಎಲ್ಲರೂ ಒಪ್ಪಿದ್ದರು.

ಕೋಆರ್ಡಿನೇಷನ್ ಸಿದ್ಧಾಂತ

ವರ್ನರ್‌ರವರಿಗೆ ಆಗ 26 ವರ್ಷ. ಈ ಲವಣಗಳ ಮೇಲೆ ಅವರು ಸ್ವತಃ ಒಂದು ಪ್ರಯೋಗವನ್ನೂ ಮಾಡಿರಲಿಲ್ಲ. ಅವರ ಶಿಷ್ಯರು ದಾಖಲಿಸಿರುವಂತೆ, ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಅವರಿಗೆ ಹಠಾತ್ತನೆ ಎಚ್ಚರವಾಯಿತು. ಸಮಸ್ಯೆಗೆ ಉತ್ತರ ಮನಸ್ಸಿನಲ್ಲಿ ಸ್ಪಷ್ಟವಾಗಿ ಮೂಡಿತ್ತು. ಎದ್ದು ಬರೆಯಲು ಕುಳಿತವರು ಮರುದಿನ ಸಂಜೆ ಐದು ಗಂಟೆಯವರೆಗೂ ಬರೆದು ಲೇಖನವನ್ನು ಪೂರ್ಣಗೊಳಿಸಿದರು. ಈ ಲೇಖನ 1893ರಲ್ಲಿ ನಿರವಯವ ರಸಾಯನ ವಿಜ್ಞಾನದ ಜರ್ಮನ್ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು.

ಸದರಿ ಸಿದ್ಧಾಂತದ ಮುಖ್ಯಾಂಶಗಳು ಈ ಕೆಳಕಂಡಂತಿವೆ.

1. ಲೋಹ ಪರಮಾಣುವಿಗೆ ಎರಡು ಬಗೆಯ ವೇಲೆನ್ಸಿಗಳಿವೆ. ಪ್ರಾಥಮಿಕ ವೇಲೆನ್ಸಿಯು ವಿದ್ಯುದಾವೇಶವನ್ನು ಸರಿದೂಗಿಸುತ್ತದೆ. ದ್ವಿತೀಯಕ ವೇಲೆನ್ಸಿಯು ಲೋಹದ ಸುತ್ತ ನೇರವಾಗಿ ಎಷ್ಟು ಪರಮಾಣುಗಳು ಅಥವಾ ಅಣುಗಳು ನಿಲ್ಲಬಹುದೆಂಬುದನ್ನು ನಿರ್ಧರಿಸುತ್ತದೆ. ಈ ಸಂಖ್ಯೆಯನ್ನು ಕೋಆರ್ಡಿನೇಷನ್ ಸಂಖ್ಯೆ ಎನ್ನಲಾಗುತ್ತದೆ.

2. ಕೋಬಾಲ್ಟ್‌ನ ಈ ಲವಣಗಳಲ್ಲಿ ಕೋಆರ್ಡಿನೇಷನ್ ಸಂಖ್ಯೆ ಆರು. ಅಮೋನಿಯ ಕಡಿಮೆಯಾದಷ್ಟೂ ತೆರವಾದ ಸ್ಥಾನವನ್ನು ಕ್ಲೋರಿನ್ ತುಂಬುತ್ತದೆ. ಹೀಗೆ ಒಳವಲಯವನ್ನು ಸೇರಿದ ಕ್ಲೋರಿನ್ ಹೊರಬರುವುದಿಲ್ಲ. ಹೊರವಲಯದಲ್ಲಿ ಉಳಿದದ್ದು ಮಾತ್ರ ಬಿಡುಗಡೆಯಾಗುತ್ತದೆ.

3. ದ್ವಿತೀಯಕ ವೇಲೆನ್ಸಿಗಳಿಗೆ ನಿಶ್ಚಿತ ದಿಕ್ಕುಗಳಿವೆ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಮೇಲೆ ಮತ್ತು ಕೆಳಗೆ ಎಂಬಂತೆ ಆರು ಕಡೆ ಆರು ಸಂಗಾತಿಗಳು ನಿಲ್ಲುವುದರಿಂದ ಅಷ್ಟಮುಖಿಯ ಆಕಾರ ಉಂಟಾಗುತ್ತದೆ. ನಾಲ್ಕು ಸಂಗಾತಿಗಳಿರುವ ಪ್ಲಾಟಿನಂ ಸಂಯುಕ್ತಗಳಲ್ಲಿ ಅವು ಚೌಕದ ನಾಲ್ಕು ಮೂಲೆಗಳಲ್ಲಿ ಇರುತ್ತವೆ.

ತರುಣ ಅಧ್ಯಾಪಕರೊಬ್ಬರು ಅನುಭವಿ ಪ್ರಯೋಗಕಾರರ ಅಂಕಿ ಅಂಶಗಳನ್ನೇ ಬಳಸಿಕೊಂಡು ಅವರ ತೀರ್ಮಾನವನ್ನೇ ತಲೆಕೆಳಗು ಮಾಡಿದ್ದು ಸಹಜವಾಗಿಯೇ ಚರ್ಚೆಗೆ ಕಾರಣವಾಯಿತು. ಆದರೆ ಇದೇ ಲೇಖನದ ಬಲದಿಂದ 1893ರಲ್ಲಿಯೇ ಜ್ಯೂರಿಚ್ ವಿಶ್ವವಿದ್ಯಾಲಯವು ವರ್ನರ್‌ರವರನ್ನು ಸಹ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1895ರಲ್ಲಿ ಅವರು ಪೂರ್ಣಾವಧಿ ಪ್ರಾಧ್ಯಾಪಕರಾದರು. 1894ರಲ್ಲಿ ಎಮ್ಮಾ ಗೀಸ್ಕರ್ ಅವರೊಂದಿಗೆ ವಿವಾಹವಾಗಿ, ಸ್ವಿಸ್ ಪೌರತ್ವವನ್ನೂ ಪಡೆದರು. ದಂಪತಿಗಳಿಗೆ ಒಬ್ಬ ಪುತ್ರ ಹಾಗೂ ಒಬ್ಬ ಪುತ್ರಿ ಜನಿಸಿದರು.

ಸಾಕ್ಷ್ಯಕ್ಕಾಗಿ ಎರಡು ದಶಕಗಳ ಶ್ರಮ

ಒಂದು ರಾತ್ರಿಯಲ್ಲಿ ಹೊಳೆದ ವಿಚಾರವನ್ನು ರುಜುವಾತುಪಡಿಸಲು ವರ್ನರ್‌ರವರಿಗೆ ಇಪ್ಪತ್ತು ವರ್ಷಗಳು ಬೇಕಾದವು. ಇಟಲಿಯ ಅರ್ಟುರೊ ಮಿಯೊಲಾಟಿ ಎಂಬ ಸಹೋದ್ಯೋಗಿಯೊಂದಿಗೆ ಅವರು ಮೊದಲು ಕೈಗೊಂಡದ್ದು ದ್ರಾವಣಗಳ ವಿದ್ಯುದ್ವಾಹಕತೆಯ ಅಳತೆ. ದ್ರಾವಣದಲ್ಲಿ ಅಯಾನುಗಳು ಹೆಚ್ಚಿದ್ದಷ್ಟೂ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಅಮೋನಿಯದ ಸಂಖ್ಯೆ ಆರರಿಂದ ಮೂರಕ್ಕೆ ಇಳಿದಾಗ ಯೋರ್ಗನ್ಸನ್‌ರವರ ಸರಪಳಿ ಸಿದ್ಧಾಂತದ ಪ್ರಕಾರ ಇನ್ನೂ ಒಂದು ಅಯಾನು ಬಿಡುಗಡೆಯಾಗುವಂತಿರಬೇಕು. ವರ್ನರ್‌ರವರ ಪ್ರಕಾರ ಒಂದೂ ಬಿಡುಗಡೆಯಾಗಬಾರದು. ಮೂರು ಅಮೋನಿಯ ಮತ್ತು ಮೂರು ನೈಟ್ರೋ ಗುಂಪುಗಳಿದ್ದ ಕೋಬಾಲ್ಟ್ ಸಂಯುಕ್ತದ ದ್ರಾವಣದಲ್ಲಿ ವಿದ್ಯುದ್ವಾಹಕತೆ ಬಹುತೇಕ ಶೂನ್ಯವಾಗಿತ್ತು.

ಎರಡನೆಯ ಸಾಕ್ಷ್ಯ ಬಣ್ಣಗಳದ್ದು. ಆರು ಸ್ಥಾನಗಳಲ್ಲಿ ನಾಲ್ಕು ಒಂದು ಬಗೆಯ, ಎರಡು ಇನ್ನೊಂದು ಬಗೆಯ ಗುಂಪುಗಳಿದ್ದರೆ, ಅಷ್ಟಮುಖಿಯ ಆಕಾರದಲ್ಲಿ ಎರಡೇ ಜೋಡಣೆಗಳು ಸಾಧ್ಯ. ಆ ಎರಡು ಗುಂಪುಗಳು ಒಂದರ ಪಕ್ಕದಲ್ಲಿ ಒಂದಿರಬೇಕು, ಇಲ್ಲವೇ ಎದುರುಬದುರಾಗಿರಬೇಕು. ಆರು ಸ್ಥಾನಗಳು ಸಮತಟ್ಟಾದ ಷಟ್ಕೋನದಲ್ಲಿದ್ದರೆ ಮೂರು ಜೋಡಣೆಗಳು ಸಾಧ್ಯವಾಗುತ್ತಿದ್ದವು. ಪ್ರಯೋಗಗಳಲ್ಲಿ ಎಂದೂ ಎರಡಕ್ಕಿಂತ ಹೆಚ್ಚು ರೂಪಗಳು ದೊರೆಯಲಿಲ್ಲ.

ಆದರೆ ಇಲ್ಲಿಯೇ ವರ್ನರ್‌ರವರಿಗೆ ದೊಡ್ಡ ತೊಡಕು ಎದುರಾಯಿತು. ನಾಲ್ಕು ಅಮೋನಿಯ ಹಾಗೂ ಎರಡು ಕ್ಲೋರಿನ್‌ಗಳಿರುವ ಸರಳವಾದ ಕೋಬಾಲ್ಟ್ ಲವಣದಲ್ಲಿ ಹಸುರು ರೂಪವೊಂದೇ ತಿಳಿದಿತ್ತು. ಅಮೋನಿಯದ ಬದಲು ಎಥಿಲೀನ್ ಡೈಅಮೀನ್ ಎಂಬ ಸಾವಯವ ವಸ್ತುವಿದ್ದ ಲವಣಗಳಲ್ಲಿ ಮಾತ್ರ ಹಸುರು ಮತ್ತು ನೇರಳೆ ಎರಡೂ ದೊರೆತಿದ್ದವು. ಎರಡು ಬಣ್ಣಗಳಿಗೆ ಆ ಸಾವಯವ ವಸ್ತುವೇ ಕಾರಣ, ಲೋಹದ ಸುತ್ತಲಿನ ಜ್ಯಾಮಿತಿಯಲ್ಲ ಎಂದು ಯೋರ್ಗನ್ಸನ್ ವಾದಿಸಿದರು. ಈ ವಾದ ನ್ಯಾಯವಾದದ್ದೇ ಆಗಿತ್ತು. ಅಮೋನಿಯ ಲವಣದ ನೇರಳೆ ರೂಪ ದೊರೆಯದಿದ್ದರೆ ವರ್ನರ್‌ರವರ ಇಡೀ ಸಿದ್ಧಾಂತವೇ ಸಂಶಯಕ್ಕೆ ಒಳಗಾಗುತ್ತಿತ್ತು. ಹದಿನಾಲ್ಕು ವರ್ಷಗಳ ನಂತರ, 1907ರಲ್ಲಿ, ಆ ನೇರಳೆ ಲವಣವನ್ನು ತಯಾರಿಸುವಲ್ಲಿ ವರ್ನರ್‌ರವರು ಯಶಸ್ವಿಯಾಗಿ ಅದರ ಮಾದರಿಯನ್ನು ಕೋಪನ್‌ಹೇಗನ್‌ಗೆ ಕಳುಹಿಸಿಕೊಟ್ಟರು. ಯೋರ್ಗನ್ಸನ್‌ರವರು ಯಾವುದೇ ಹಠ ಮಾಡದೆ ತಮ್ಮ ಸಿದ್ಧಾಂತ ಬಿದ್ದುಹೋಯಿತೆಂದು ಒಪ್ಪಿಕೊಂಡರು. ಇಬ್ಬರ ನಡುವಣ ಈ ದೀರ್ಘ ವಿವಾದದಲ್ಲಿ ವೈಯಕ್ತಿಕ ನಿಂದನೆಗೆ ಅವಕಾಶವಿರಲಿಲ್ಲ. ಎದುರಾಳಿಯ ಪ್ರಯೋಗಗಳಿಲ್ಲದೆ ತಮ್ಮ ಸಿದ್ಧಾಂತವು ರೂಪುಗೊಳ್ಳುತ್ತಿರಲಿಲ್ಲ ಎಂಬುದನ್ನು ವರ್ನರ್‌ರವರು ಸಾರ್ವಜನಿಕವಾಗಿ ಸ್ಮರಿಸಿದ್ದಾರೆ.

ಕನ್ನಡಿ ಬಿಂಬದ ಪ್ರಯೋಗ

ಮೂರನೆಯ ಹಾಗೂ ನಿರ್ಣಾಯಕ ಸಾಕ್ಷ್ಯವು ಕನ್ನಡಿ ಬಿಂಬಗಳಿಗೆ ಸಂಬಂಧಿಸಿದ್ದು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದುವುದಿಲ್ಲ. ಎರಡೂ ಒಂದೇ ಅಳತೆಯವಾದರೂ ಒಂದು ಇನ್ನೊಂದರ ಕನ್ನಡಿ ಬಿಂಬ. ಕೆಲವು ಅಣುಗಳೂ ಹೀಗೆಯೇ ಎಡ ಮತ್ತು ಬಲ ರೂಪಗಳಲ್ಲಿರುತ್ತವೆ. ಇವುಗಳಲ್ಲಿ ಒಂದು ರೂಪವು ಧ್ರುವೀಕೃತ ಬೆಳಕನ್ನು ಎಡಕ್ಕೂ ಇನ್ನೊಂದು ಬಲಕ್ಕೂ ತಿರುಗಿಸುತ್ತದೆ. ಲೋಹದ ಸುತ್ತಲಿನ ಜೋಡಣೆ ನಿಜವಾಗಿಯೂ ಅಷ್ಟಮುಖಿಯಾಗಿದ್ದರೆ ಕೆಲವು ಕೋಬಾಲ್ಟ್ ಸಂಯುಕ್ತಗಳಲ್ಲಿಯೂ ಎಡ ಬಲ ರೂಪಗಳಿರಲೇಬೇಕು ಎಂಬುದು ವರ್ನರ್‌ರವರ ತರ್ಕ.

ಅವೆರಡನ್ನೂ ಬೇರ್ಪಡಿಸುವ ಯತ್ನ ಹಲವು ವರ್ಷ ಫಲ ನೀಡಲಿಲ್ಲ. ಕೊನೆಗೆ 1911ರಲ್ಲಿ ಅಮೆರಿಕದ ವಿದ್ಯಾರ್ಥಿ ವಿಕ್ಟರ್ ಕಿಂಗ್ ಕರ್ಪೂರದಿಂದ ತಯಾರಾದ ಆಮ್ಲವೊಂದರ ನೆರವಿನಿಂದ ಈ ಕಾರ್ಯದಲ್ಲಿ ಸಫಲರಾದರು. ಆದಾಗ್ಯೂ ಆಕ್ಷೇಪಣೆ ನಿಲ್ಲಲಿಲ್ಲ. ಆ ಸಂಯುಕ್ತದಲ್ಲಿ ಇಂಗಾಲವಿತ್ತು. ಬೆಳಕನ್ನು ತಿರುಗಿಸುವ ಗುಣ ಇಂಗಾಲದ್ದೇ ಇರಬಹುದೆಂದು ಕೆಲವರು ಶಂಕಿಸಿದರು. ಈ ಸಂದೇಹವನ್ನು ನಿವಾರಿಸಲು ವರ್ನರ್‌ರವರು ಇಂಗಾಲದ ಒಂದು ಪರಮಾಣುವೂ ಇಲ್ಲದ, ಕೇವಲ ಕೋಬಾಲ್ಟ್, ಅಮೋನಿಯ ಮತ್ತು ಹೈಡ್ರಾಕ್ಸಿಲ್ ಗುಂಪುಗಳಿಂದಾದ ಸಂಕೀರ್ಣವೊಂದನ್ನು ಆರಿಸಿಕೊಂಡರು. 1914ರಲ್ಲಿ ಅವರ ವಿದ್ಯಾರ್ಥಿನಿ ಸೋಫಿ ಮ್ಯಾಟಿಸ್ಸನ್ ಅದರ ಎಡ ಬಲ ರೂಪಗಳನ್ನು ಬೇರ್ಪಡಿಸಿದರು. ಈ ಲವಣವನ್ನು ಮೊದಲು ತಯಾರಿಸಿದ್ದವರು ಯೋರ್ಗನ್ಸನ್. ಸಿದ್ಧಾಂತದ ಕೊನೆಯ ಸಾಕ್ಷ್ಯವೂ ಎದುರಾಳಿಯ ಸೀಸೆಯಿಂದಲೇ ದೊರೆತಂತಾಯಿತು. ಅದೇ 1914ರಲ್ಲಿ ಯೋರ್ಗನ್ಸನ್ ನಿಧನ ಹೊಂದಿದರು.

ಅಧ್ಯಾಪಕರಾಗಿ ವರ್ನರ್

ವರ್ನರ್‌ರವರ ಹಳೆಯ ಪ್ರಯೋಗಾಲಯ ಬೆಳಕು ಗಾಳಿಗಳಿಲ್ಲದ ನೆಲಮಾಳಿಗೆಯಲ್ಲಿತ್ತು. ವಿದ್ಯಾರ್ಥಿಗಳು ಅದನ್ನು ನೆಲದಡಿಯ ಸಮಾಧಿ ಗುಹೆಗಳಿಗೆ ಹೋಲಿಸಿ ಹೆಸರಿಟ್ಟಿದ್ದರು. 1909ರಲ್ಲಿ ಹೊಸ ಕಟ್ಟಡ ಸಿದ್ಧವಾಗುವವರೆಗೆ, ಅಂದರೆ ಮೇಲ್ಕಂಡ ನೇರಳೆ ಲವಣದ ತಯಾರಿಕೆಯೂ ಸೇರಿದಂತೆ ಮಹತ್ವದ ಅನೇಕ ಕಾರ್ಯಗಳು ನಡೆದದ್ದು ಇಂತಹ ಸ್ಥಳದಲ್ಲಿಯೇ.

ಅವರ ಉಪನ್ಯಾಸಗಳಿಗೆ ಸಭಾಂಗಣ ಕಿಕ್ಕಿರಿದು ತುಂಬುತ್ತಿತ್ತು. ಸುಮಾರು 200 ಮಂದಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪ್ರಬಂಧಗಳನ್ನು ಸಿದ್ಧಪಡಿಸಿದರು. ಮಹಿಳೆಯರಿಗೆ ಉನ್ನತ ಶಿಕ್ಷಣದ ಬಾಗಿಲು ಹಲವೆಡೆ ಮುಚ್ಚಿದ್ದ ಆ ಕಾಲದಲ್ಲಿ ಬ್ರಿಟನ್‌ನ ಎಡಿತ್ ಹಂಫ್ರಿ ಮುಂತಾದ ಮಹಿಳೆಯರು ಇವರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ ಪದವಿ ಪಡೆದದ್ದು ಉಲ್ಲೇಖಾರ್ಹ. ಮುಂದೆ 1937ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಪೌಲ್ ಕಾರರ್ ಕೂಡ ಇವರ ಶಿಷ್ಯರು. ವರ್ನರ್ ಮತ್ತು ಅವರ ವಿದ್ಯಾರ್ಥಿಗಳು ತಯಾರಿಸಿದ ಮೂರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಜ್ಯೂರಿಚ್ ವಿಶ್ವವಿದ್ಯಾಲಯವು ಸಂರಕ್ಷಿಸಿಕೊಂಡು ಬಂದಿತು. ಚೀಟಿ ಅಂಟಿಸಿ ಜೋಡಿಸಿಟ್ಟ ಈ ಸೀಸೆಗಳು ಸಿದ್ಧಾಂತದ ಪ್ರತಿಯೊಂದು ಮಾತಿಗೂ ಇರುವ ಲಿಖಿತ ಪುರಾವೆಗಳಂತಿವೆ.

ಪಾರಿತೋಷಕ ಮತ್ತು ಅಂತಿಮ ದಿನಗಳು

1913ರಲ್ಲಿ ವರ್ನರ್‌ರವರಿಗೆ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ಲಭಿಸಿತು. ಈ ವಿಭಾಗದಲ್ಲಿ ಪಾರಿತೋಷಕ ಪಡೆದ ಪ್ರಥಮ ಸ್ವಿಸ್ ಪ್ರಜೆ ಇವರೇ. ಅಣುಗಳಲ್ಲಿ ಪರಮಾಣುಗಳು ಪರಸ್ಪರ ಸೇರಿಕೊಂಡಿರುವ ಬಗೆಯ ಕುರಿತ ಅಧ್ಯಯನಕ್ಕಾಗಿ ಈ ಗೌರವವನ್ನು ನೀಡಲಾಯಿತು.

ಆದರೆ ಹೊತ್ತುಗೊತ್ತಿಲ್ಲದ ದುಡಿಮೆಯು ಅವರ ದೇಹವನ್ನು ಆ ವೇಳೆಗಾಗಲೇ ಹಣ್ಣು ಮಾಡಿತ್ತು. ಆಯಾಸ ನೀಗಲು ಮದ್ಯಪಾನವನ್ನು ಆಶ್ರಯಿಸಿದ್ದು ಆರೋಗ್ಯವನ್ನು ಮತ್ತಷ್ಟು ಕೆಡಿಸಿತು. ರಕ್ತನಾಳಗಳು ಪೆಡಸಾಗುವ ಕಾಯಿಲೆಯಿಂದ ತಲೆನೋವು, ನೆನಪಿನ ಕ್ಷೀಣತೆ ಉಂಟಾಗಿ ಅವರು ಕ್ರಮೇಣ ಪಾಠ ಪ್ರವಚನಗಳಿಂದ ದೂರ ಸರಿಯಬೇಕಾಯಿತು. 1919ರ ಅಕ್ಟೋಬರ್ 15ರಂದು ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತಿ ಪಡೆದು, ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 15ರಂದು ಇಹಲೋಕ ತ್ಯಜಿಸಿದರು. ಆಗ ಅವರಿಗೆ 53 ವರ್ಷಗಳೂ ತುಂಬಿರಲಿಲ್ಲ. ಅವರ ಸ್ಥಾನಕ್ಕೆ ಬಂದವರು ಶಿಷ್ಯರಾದ ಪೌಲ್ ಕಾರರ್.

ಪರಮಾಣುಗಳ ಸ್ಥಾನವನ್ನು ನೇರವಾಗಿ ತೋರಿಸಬಲ್ಲ ಎಕ್ಸ್‌ರೇ ವಿಧಾನದಿಂದ ಪ್ಲಾಟಿನಂ ಸಂಯುಕ್ತವೊಂದರ ಅಷ್ಟಮುಖಿ ರಚನೆ 1921ರಲ್ಲಿ ದೃಢಪಟ್ಟಿತು. ತಮ್ಮ ಊಹೆ ಅಕ್ಷರಶಃ ನಿಜವೆಂದು ಕಣ್ಣಾರೆ ಕಾಣುವ ಭಾಗ್ಯ ಎರಡು ವರ್ಷಗಳ ಅಂತರದಲ್ಲಿ ವರ್ನರ್‌ರವರಿಗೆ ತಪ್ಪಿಹೋಯಿತು.

ಡಿಎನ್‌ಎ ಮತ್ತು ಲೋಹ: ವರ್ನರ್ ಸಿದ್ಧಾಂತದ ಮುಂದುವರಿಕೆ

ವರ್ನರ್‌ರವರು ತೋರಿಸಿಕೊಟ್ಟ ಬಂಧವು ಜೀವಿಗಳ ಮೂಲ ಅಣುವಾದ ಡಿಎನ್‌ಎಯಲ್ಲಿಯೂ ಕಂಡುಬರುತ್ತದೆ. ಡಿಎನ್‌ಎ ಎರಡು ಎಳೆಗಳ ಸುರುಳಿಯಾಗಿದ್ದು, ಎಳೆಗಳ ನಡುವೆ ಮೆಟ್ಟಿಲುಗಳಂತೆ ಪ್ರತ್ಯಾಮ್ಲಗಳ ಜೋಡಿಗಳಿವೆ. ಅಡೆನಿನ್ ಯಾವಾಗಲೂ ಥೈಮಿನ್‌ನೊಂದಿಗೆ ಎರಡು ಜಲಜನಕ ಬಂಧಗಳಿಂದಲೂ, ಗ್ವಾನಿನ್ ಯಾವಾಗಲೂ ಸೈಟೊಸಿನ್‌ನೊಂದಿಗೆ ಮೂರು ಜಲಜನಕ ಬಂಧಗಳಿಂದಲೂ ಸೇರಿಕೊಳ್ಳುತ್ತವೆ. ಥೈಮಿನ್‌ಗೆ ಎದುರಾಗಿ ಥೈಮಿನ್ ಅಥವಾ ಸೈಟೊಸಿನ್‌ಗೆ ಎದುರಾಗಿ ಸೈಟೊಸಿನ್ ಬಂದರೆ ಅದು ಹೊಂದಿಕೆಯಿಲ್ಲದ ಜೋಡಿ. ಅಂತಹ ಸ್ಥಳದಲ್ಲಿ ಸುರುಳಿ ದುರ್ಬಲವಾಗಿ, ಬಿಸಿ ಮಾಡಿದಾಗ ಬೇಗ ಬಿಚ್ಚಿಕೊಳ್ಳುತ್ತದೆ.

ಪಾದರಸವು ಡಿಎನ್‌ಎಗೆ ಅಂಟಿಕೊಳ್ಳುತ್ತದೆ ಮತ್ತು ಅದನ್ನು ಮತ್ತೆ ಬಿಡಿಸಬಹುದು ಎಂಬುದನ್ನು ಸಿಡ್ನಿ ಕಾಟ್ಜ್ ಎಂಬ ವಿಜ್ಞಾನಿ 1952ರಲ್ಲಿ ವರದಿ ಮಾಡಿದರು. ಎರಡು ಥೈಮಿನ್‌ಗಳ ನಡುವೆ ಪಾದರಸವು ಸೇತುವೆಯಾಗಿ ನಿಲ್ಲುತ್ತದೆ ಎಂದು 1963ರಲ್ಲಿ ಅವರು ಸೂಚಿಸಿದರು. ಜಪಾನಿನ ಅಕಿರಾ ಓನೊ ಮತ್ತು ಸಂಗಡಿಗರು 2006ರಲ್ಲಿ, ಪಾದರಸದ ಅಯಾನುಗಳು ಥೈಮಿನ್–ಥೈಮಿನ್ ಜೋಡಿಯನ್ನು ಆರಿಸಿಕೊಂಡು ಸ್ಥಿರಗೊಳಿಸುತ್ತವೆ ಎಂಬುದನ್ನು ವಿವರವಾಗಿ ತೋರಿಸಿದರು. 2008ರಲ್ಲಿ ಬೆಳ್ಳಿಯ ಅಯಾನುಗಳು ಸೈಟೊಸಿನ್–ಸೈಟೊಸಿನ್ ಜೋಡಿಗೆ ಇದೇ ರೀತಿ ನೆರವಾಗುವುದನ್ನು ತಿಳಿಸಿದರು. ಪಾದರಸದ ಜೋಡಿಯ ಸ್ಫಟಿಕ ರಚನೆ 2014ರಲ್ಲಿ ಪ್ರಕಟವಾಯಿತು.

ಇದರ ಕ್ರಮವನ್ನು ವರ್ನರ್‌ರವರ ಲೆಕ್ಕಾಚಾರದಲ್ಲಿಯೇ ವಿವರಿಸಬಹುದು. ಇಲ್ಲಿ ಪಾದರಸದ ಅಯಾನಿನ ಕೋಆರ್ಡಿನೇಷನ್ ಸಂಖ್ಯೆ ಎರಡು, ದಿಕ್ಕು ಸರಳ ರೇಖೆ. ಎರಡು ಥೈಮಿನ್‌ಗಳು ತಮ್ಮ ಸಾರಜನಕದ ಮೇಲಿನ ಒಂದೊಂದು ಜಲಜನಕವನ್ನು ಬಿಟ್ಟುಕೊಡುತ್ತವೆ. ತೆರವಾದ ಜಾಗದಲ್ಲಿ ಪಾದರಸವು ನಿಂತು ಎರಡೂ ಕಡೆಯ ಸಾರಜನಕಗಳನ್ನು ಹಿಡಿದುಕೊಳ್ಳುತ್ತದೆ. ಪಾದರಸ ತಂದ ಧನ ಆವೇಶ ಎರಡು, ಜಲಜನಕಗಳು ಒಯ್ದ ಧನ ಆವೇಶ ಎರಡು. ಹೀಗಾಗಿ ಜಮಾ ಖರ್ಚು ಸರಿಹೋಗುತ್ತದೆ. ಸೈಟೊಸಿನ್‌ನ ಅದೇ ಸ್ಥಾನದ ಸಾರಜನಕದಲ್ಲಿ ಬಿಟ್ಟುಕೊಡಲು ಜಲಜನಕವಿಲ್ಲ. ಒಂದೇ ಧನ ಆವೇಶವುಳ್ಳ ಬೆಳ್ಳಿಯು ಅಲ್ಲಿ ಸೇರುತ್ತದೆ. ಎರಡೂ ಸಂದರ್ಭಗಳಲ್ಲಿ ದುರ್ಬಲವಾಗಿದ್ದ ಮೆಟ್ಟಿಲು ಗಟ್ಟಿಯಾಗಿ, ಸುರುಳಿ ಬಿಚ್ಚಿಕೊಳ್ಳಲು ಹೆಚ್ಚಿನ ಉಷ್ಣತೆ ಬೇಕಾಗುತ್ತದೆ.

ಈ ತಿಳಿವಳಿಕೆಯಿಂದ ಪ್ರಯೋಜನವೂ ಎಚ್ಚರಿಕೆಯೂ ಎರಡೂ ದೊರೆತಿವೆ. ಥೈಮಿನ್ ಹೆಚ್ಚಾಗಿರುವ ಡಿಎನ್‌ಎ ತುಂಡಿನ ತುದಿಗಳಿಗೆ ಬೆಳಕು ಸೂಸುವ ಹಾಗೂ ಬೆಳಕನ್ನು ನಂದಿಸುವ ಅಣುಗಳನ್ನು ಜೋಡಿಸಿದರೆ, ನೀರಿನಲ್ಲಿ ಪಾದರಸವಿದ್ದಾಗ ಆ ತುಂಡು ಮಡಚಿಕೊಂಡು ಬೆಳಕು ಮಂಕಾಗುತ್ತದೆ. ಪಾದರಸವನ್ನು ಪತ್ತೆ ಮಾಡುವ ಈ ವಿಧಾನವನ್ನು ಓನೊ ಮತ್ತು ಸಂಗಡಿಗರು 2004ರಲ್ಲಿಯೇ ಪ್ರಕಟಿಸಿದ್ದರು. ಇನ್ನೊಂದೆಡೆ, ಡಿಎನ್‌ಎಯ ನಕಲು ತಯಾರಿಸುವ ಕಿಣ್ವವು ಪಾದರಸದ ಸಮ್ಮುಖದಲ್ಲಿ ಮೋಸಹೋಗಿ, ಥೈಮಿನ್ ಎದುರು ಅಡೆನಿನ್ ಬದಲು ಥೈಮಿನ್‌ನ್ನೇ ಸೇರಿಸಬಲ್ಲದು ಎಂಬುದು 2010ರಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂದಿತು. ತಪ್ಪು ಜೋಡಿಯು ಸಡಿಲವಾಗಿದ್ದರೆ ಅದು ತಪ್ಪೆಂದು ತಿಳಿಯುವುದು ಸುಲಭ. ಅದೇ ಗಟ್ಟಿಯಾಗಿ ನಿಂತರೆ ಸರಿಯಾದ ಜೋಡಿಯಂತೆಯೇ ತೋರುತ್ತದೆ.

ಲೋಹವು ಡಿಎನ್‌ಎಗೆ ಅಂಟಿಕೊಳ್ಳುವ ಗುಣವು ಔಷಧವಾಗಿಯೂ ಉಪಯೋಗಕ್ಕೆ ಬಂದಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಾಗುವ ಸಿಸ್‌ಪ್ಲಾಟಿನ್ ಎಂಬುದು ಎರಡು ಅಮೋನಿಯ ಮತ್ತು ಎರಡು ಕ್ಲೋರಿನ್‌ಗಳಿರುವ ಪ್ಲಾಟಿನಂ ಸಂಯುಕ್ತ. ಇಟಲಿಯ ಪೆರೋನೆ ಇದನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ತಯಾರಿಸಿದ್ದರೂ, ಅದರ ಚೌಕಾಕಾರದ ರಚನೆಯನ್ನು ತರ್ಕದಿಂದ ಕಂಡುಕೊಂಡವರು ವರ್ನರ್, 1893ರ ತಮ್ಮ ಲೇಖನದಲ್ಲಿ. ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು 1965ರಲ್ಲಿ ಪ್ಲಾಟಿನಂ ಸಂಯುಕ್ತಗಳು ಬ್ಯಾಕ್ಟೀರಿಯಾಗಳ ವಿಭಜನೆಯನ್ನು ತಡೆಯುವುದನ್ನು ಪ್ರಕಟಿಸಿದರು. 1978ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್ ಔಷಧಕ್ಕೆ ಅನುಮೋದನೆ ದೊರೆಯಿತು. ಇದು ಡಿಎನ್‌ಎಯ ಅಕ್ಕಪಕ್ಕದ ಗ್ವಾನಿನ್‌ಗಳಿಗೆ ಅಂಟಿಕೊಂಡು ಸುರುಳಿಯನ್ನು ಬಾಗಿಸಿ, ಜೀವಕೋಶದ ವಿಭಜನೆಗೆ ತಡೆಯೊಡ್ಡುತ್ತದೆ. ಕ್ಲೋರಿನ್‌ಗಳು ಪಕ್ಕಪಕ್ಕದಲ್ಲಿರುವ ರೂಪಕ್ಕೆ ಮಾತ್ರ ಈ ಔಷಧ ಗುಣವಿದೆ. ಎದುರುಬದುರಾಗಿರುವ ರೂಪದಿಂದ ಅಂತಹ ಫಲ ದೊರೆಯುವುದಿಲ್ಲ. ಒಂದೇ ಪರಮಾಣುಗಳ ಎರಡು ಜೋಡಣೆಗಳು ಎರಡು ಬೇರೆ ವಸ್ತುಗಳು ಎಂದು ವರ್ನರ್‌ರವರು ಪಟ್ಟು ಹಿಡಿದು ಸಾಧಿಸಿದ್ದರ ಬೆಲೆ ಇಲ್ಲಿ ರೋಗಿಯ ಜೀವಕ್ಕೆ ಸಂಬಂಧಿಸಿದ್ದಾಗಿದೆ.

ಉಪಸಂಹಾರ

ಕರ್ನಾಟಕದ ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ರಸಾಯನ ವಿಜ್ಞಾನದ ಪಠ್ಯದಲ್ಲಿ ಕೋಆರ್ಡಿನೇಷನ್ ಸಂಯುಕ್ತಗಳ ಅಧ್ಯಾಯವನ್ನು ಅಭ್ಯಾಸ ಮಾಡುವಾಗ ಮೊದಲು ಎದುರಾಗುವ ಹೆಸರು ವರ್ನರ್‌ರವರದು. ಪರೀಕ್ಷೆಯ ದೃಷ್ಟಿಯಿಂದ ಕೆಲವೇ ಸಾಲುಗಳಲ್ಲಿ ಓದಿಕೊಳ್ಳುವ ಆ ಸಿದ್ಧಾಂತದ ಹಿಂದೆ ಒಂದು ರಾತ್ರಿಯ ಹೊಳಹು, ಇಪ್ಪತ್ತು ವರ್ಷಗಳ ದುಡಿಮೆ, ನೂರಾರು ವಿದ್ಯಾರ್ಥಿಗಳ ಪರಿಶ್ರಮ ಹಾಗೂ ಸೋಲನ್ನು ಗೌರವದಿಂದ ಒಪ್ಪಿಕೊಂಡ ಎದುರಾಳಿಯೊಬ್ಬರ ಪ್ರಾಮಾಣಿಕತೆ ಅಡಗಿದೆ. ಗಡಿಯ ಊರೊಂದರ ಸಾಮಾನ್ಯ ಕುಟುಂಬದಲ್ಲಿ ಜನಿಸಿ, ಹೇಳಿದ್ದನ್ನು ರುಜುವಾತುಪಡಿಸುವವರೆಗೆ ವಿರಮಿಸದ ಆಲ್ಫ್ರೆಡ್ ವರ್ನರ್‌ರವರ ಜೀವನವು ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಸದಾ ಸ್ಮರಣೀಯ.

ಪ್ರಮುಖ ಘಟನೆಗಳು

1866: ಮುಲ್ಹೌಸ್‌ನಲ್ಲಿ ಜನನ
1890: ಜ್ಯೂರಿಚ್‌ನಲ್ಲಿ ಡಾಕ್ಟರೇಟ್ ಪದವಿ
1893: ಕೋಆರ್ಡಿನೇಷನ್ ಸಿದ್ಧಾಂತದ ಪ್ರಕಟಣೆ, ಜ್ಯೂರಿಚ್ ವಿಶ್ವವಿದ್ಯಾಲಯದಲ್ಲಿ ನೇಮಕ
1895: ಪ್ರಾಧ್ಯಾಪಕ ಹುದ್ದೆ
1907: ನೇರಳೆ ಲವಣದ ತಯಾರಿಕೆ
1911: ಕೋಬಾಲ್ಟ್ ಸಂಯುಕ್ತದ ಎಡ ಬಲ ರೂಪಗಳ ಬೇರ್ಪಡಿಕೆ
1913: ನೊಬೆಲ್ ಪಾರಿತೋಷಕ
1914: ಇಂಗಾಲರಹಿತ ಸಂಕೀರ್ಣದ ಎಡ ಬಲ ರೂಪಗಳ ಬೇರ್ಪಡಿಕೆ
1919: ಜ್ಯೂರಿಚ್‌ನಲ್ಲಿ ನಿಧನ